ಮಾವ ಒಂದೇ ಫೋಟೊ ಎರಡು ಸಲ ತೆಗೆದಿದ್ದೇಕೆ?

ಮೊದಲೇ ಒಂದು ತಪ್ಪೊಪ್ಪಿಗೆ. ಸುಮಾರು 120 ಸ್ಲೈಡುಗಳನ್ನು ನಾನೇ ನನ್ನ ಕೈಯಾರೆ ಕಸದ ಬುಟ್ಟಿಗೆ ಹಾಕಿದ್ದೇನೆ. ಅವು ನಮ್ಮ ಸೋದರಮಾವ ತೆಗೆದ ಸ್ಲೈಡುಗಳು. ಹಾಕುವಾಗ ನನಗೆ ಬೇಜಾರೂ ಆಗಿರಲಿಲ್ಲ. ಅಟ್ಟ ಖಾಲಿ ಮಾಡಿದ ಖುಷಿ ಬೇರೆ.

ಮಾವ ಸಾಗರದಲ್ಲಿ ಹೈಸ್ಕೂಲ್ ಮೇಷ್ಟ್ರು. ಕ್ಯಾಮೆರಾ ಹುಚ್ಚು ವಿಪರೀತ. ಎಂಬತ್ತರ ದಶಕದಲ್ಲಿ ಬೇರೆ ಮೇಷ್ಟ್ರುಗಳು ಸೈಟು ತಗೊಳ್ತಿದ್ದರೆ ಇವರು ಸ್ಲೈಡ್ ಫಿಲ್ಮ್ ತಗೊಳ್ತಿದ್ದರು. ಸ್ಲೈಡ್ ಅಂದರೆ ಈಗಿನವರಿಗೆ ಪಿಪಿಟಿ ನೆನಪಾಗುತ್ತೆ. ಇದು ಆ ಸ್ಲೈಡಿನ ಅಜ್ಜ. ನೆಗೆಟಿವ್ ಅಲ್ಲ, ಫಿಲ್ಮಿನ ಮೇಲೇ ನಿಜವಾದ ಬಣ್ಣದಲ್ಲಿ ಮೂಡಿದ ಚಿತ್ರ. ಅಳತೆ 24 ಮಿ.ಮೀ.ಗೆ 36 ಮಿ.ಮೀ. ಅದನ್ನು ಎರಡಿಂಚು ಚೌಕದ ಪುಟ್ಟ ಚೌಕಟ್ಟಿಗೆ ಸಿಕ್ಕಿಸಿ, ಪ್ರೊಜೆಕ್ಟರಿಗೆ ತಲೆಕೆಳಗಾಗಿ ಇಳಿಸಿದರೆ ಗೋಡೆ ಮೇಲೆ ದೊಡ್ಡದಾಗಿ ಕಾಣುತ್ತೆ. ಬೇಸಿಗೆ ರಜೆಯಲ್ಲಿ ಮಾವನ ಮನೆಯಲ್ಲಿ ಇದೇ ನಮ್ಮ ಟಾಕೀಸು.

ಮಾವ ತೀರಿಕೊಂಡಿದ್ದು 2016ರಲ್ಲಿ. ಎರಡು ವರ್ಷ ಬಿಟ್ಟು ಅತ್ತೆ ಫೋನ್ ಮಾಡಿ, 'ಅಟ್ಟದ ಮೇಲೆ ಡಬ್ಬ ಡಬ್ಬ ಇದೆ, ಬೂಸ್ಟು ಹಿಡೀತಾ ಇದೆ, ಏನಾದ್ರೂ ಮಾಡು ಮಾರಾಯ' ಅಂದರು. ಹನ್ನೊಂದು ಡಬ್ಬ, ಒಂದೊಂದರಲ್ಲಿ 36 ಸ್ಲೈಡು. ಬೆಂಗಳೂರಿಗೆ ತಂದೆ. ಸ್ಕ್ಯಾನ್ ಮಾಡಿಸೋಣ ಅಂದರೆ ಒಂದೊಂದು ಸ್ಲೈಡಿಗೂ ದುಡ್ಡು. ನೋಡಿದರೆ, ಪ್ರತಿ ಫೋಟೊನೂ ಎರಡೆರಡು ಇದೆ! ಅದೇ ಕಲ್ಲು, ಅದೇ ಮರ, ಅದೇ ಅತ್ತೆ. ಚೌಕಟ್ಟಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದರ ಮೇಲೆ 'ಎ', ಇನ್ನೊಂದರ ಮೇಲೆ 'ಬ' ಅಂತ ಬರೆದಿತ್ತು. ಮೇಷ್ಟ್ರಲ್ವಾ, ಎ ಗ್ರೇಡು, ಬಿ ಗ್ರೇಡು ಅಂತ ಮಾರ್ಕ್ಸ್ ಕೊಟ್ಟುಕೊಂಡಿದ್ದಾರೆ ಅಂದುಕೊಂಡೆ. ಏಳು ಡಬ್ಬ ಕೂತು ಆರಿಸಿದೆ. 'ಎ' ಇಟ್ಟುಕೊಂಡೆ, 'ಬ' ಎಸೆದೆ. ಎಂಟನೇ ಡಬ್ಬಕ್ಕೆ ಬರುವಷ್ಟರಲ್ಲಿ ಆಫೀಸಿನಲ್ಲಿ ಒಂದು ರಿಲೀಸ್ ಗಂಟುಬಿತ್ತು. ಉಳಿದ ನಾಲ್ಕು ಡಬ್ಬ ವಾರ್ಡ್‌ರೋಬಿನ ಮೇಲೆ ಹೋಯಿತು. ಅವು ಉಳಿದಿದ್ದು ನನ್ನ ಸೋಮಾರಿತನದಿಂದ.

ಹೋದ ವರ್ಷ ಆ ನಾಲ್ಕು ಡಬ್ಬವನ್ನು ನಾನೇ ಮ್ಯಾಕ್ರೊ ಲೆನ್ಸಿನಲ್ಲಿ ತೆಗೆದು ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಹಂಪಿಯ ಕಲ್ಲಿನ ರಥದ್ದೂ ಎರಡಿತ್ತು, ಐವತ್ತು ರೂಪಾಯಿ ನೋಟಿನ ಹಿಂದೆ ಇರುತ್ತಲ್ಲ, ಅದೇ ರಥ. ಯಾವುದು ಶಾರ್ಪಾಗಿದೆ ನೋಡೋಣ ಅಂತ ಬಾಣದ ಕೀಲಿ ಒತ್ತಿ ಹಿಂದೆ ಮುಂದೆ, ಹಿಂದೆ ಮುಂದೆ ಮಾಡಿದೆ. ರಥ ಅಲ್ಲಾಡಿತು! ಹಿಂದಿನ ಗುಡ್ಡ ನಿಂತಲ್ಲೇ ನಿಂತಿದೆ, ರಥದ ಚಕ್ರ ಮಾತ್ರ ಅದರ ಮುಂದೆ ಎಡಕ್ಕೂ ಬಲಕ್ಕೂ ಸರಿಯುತ್ತಿದೆ.

'ಎ' ಅಂದರೆ ಎಡ. 'ಬ' ಅಂದರೆ ಬಲ. ನಾನು ಏಳು ಡಬ್ಬದ ಬಲಗಣ್ಣು ಕಿತ್ತು ಎಸೆದಿದ್ದೆ.

ಇದು ಹೇಗೆ ಅಂತ ತಿಳಿಯಲು ಫೋನ್ ಓದುತ್ತಿರುವಲ್ಲೇ ಒಂದು ನಿಮಿಷ ಹೆಬ್ಬೆರಳು ಎತ್ತಿ ಮೂಗಿನ ಮುಂದೆ ಹಿಡಿಯಿರಿ. ಒಮ್ಮೆ ಎಡಗಣ್ಣು ಮುಚ್ಚಿ, ಒಮ್ಮೆ ಬಲಗಣ್ಣು ಮುಚ್ಚಿ. ಬೆರಳು ಎದುರಿನ ಗೋಡೆಯ ಮೇಲೆ ಜಿಗಿದಾಡುತ್ತೆ. ನಮ್ಮ ಎರಡು ಕಣ್ಣಿನ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರ ಇದೆ, ಹಾಗಾಗಿ ಎರಡಕ್ಕೂ ಕಾಣುವ ಚಿತ್ರ ಒಂದೇ ಅಲ್ಲ. ಆ ವ್ಯತ್ಯಾಸದಿಂದಲೇ ಮಿದುಳು ದೂರ ಹತ್ತಿರದ ಲೆಕ್ಕ ಹಾಕೋದು. ಇದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲೇ ಎರಡು ಕನ್ನಡಿ ಇಟ್ಟು ತೋರಿಸಿದ್ದ. ಆಗಿನ್ನೂ ಫೋಟೊಗ್ರಫಿ ಜಗತ್ತಿಗೆ ಗೊತ್ತಾಗಿರಲಿಲ್ಲ, ಅವನು ಬಳಸಿದ್ದು ಕೈಯಲ್ಲಿ ಬರೆದ ಗೆರೆಚಿತ್ರ. ಚಿಕ್ಕವರಿದ್ದಾಗ ಚಕ್ರ ಹಾಕಿ ಟಕ್ ಅಂತ ಒತ್ತುತ್ತಿದ್ದ ವ್ಯೂಮಾಸ್ಟರ್ ಕೂಡ ಇದೇ ಸಂಗತಿ. ಅದರ ಚಕ್ರದಲ್ಲಿ 14 ಫಿಲ್ಮ್ ಇರುತ್ತೆ, ಕಾಣೋದು ಏಳೇ ಚಿತ್ರ. ಅಮೆರಿಕದಲ್ಲಿ 1947ರಲ್ಲಿ ಸ್ಟೀರಿಯೊ ರಿಯಲಿಸ್ಟ್ ಅನ್ನೋ ಎರಡು ಲೆನ್ಸಿನ ಕ್ಯಾಮೆರಾ ಬಂದ ಮೇಲಂತೂ ಜನ ಮನೆಮದುವೆಯನ್ನೂ ಹೀಗೆ ತೆಗೆದರು. ನಮ್ಮ ಮಾವನ ಹತ್ತಿರ ಅಂಥದ್ದೆಲ್ಲಿ? ಇದ್ದಿದ್ದು ಒಂದು ಲೆನ್ಸು, ಎರಡು ಕಾಲು. ಎಡಗಾಲಿಗೆ ಭಾರ ಬಿಟ್ಟು ಒಂದು ಕ್ಲಿಕ್, ಬಲಗಾಲಿಗೆ ಭಾರ ಬಿಟ್ಟು ಇನ್ನೊಂದು. ಈ ಉಪಾಯವೂ ಜಗತ್ಪ್ರಸಿದ್ಧವೇ, ಚಾ-ಚಾ ಅಂತ ಒಂದು ಡ್ಯಾನ್ಸಿನ ಹೆಸರಿಟ್ಟಿದ್ದಾರೆ.

ಅತ್ತೆಗೆ ಫೋನ್ ಮಾಡಿ ಕೇಳಿದೆ. 'ಹೌದಲ್ದಾ, ನನ್ನ ನಿಲ್ಸಿ ಉಸಿರು ಬಿಡಬೇಡ ಅಂತಿದ್ರು. ಒಂದು ತೆಗೆದು, ಆಮೇಲೆ ಇನ್ನೊಂದು. ಎರಡನ್ನೂ ಬೆಳಕಿಗೆ ಹಿಡಿದು ಕಣ್ಣು ಒಂಥರಾ ಮಾಡ್ಕೊಂಡು ನೋಡ್ತಾ ಕೂರ್ತಿದ್ರು. ಇನ್ನೊಂದು ಪ್ರೊಜೆಕ್ಟರ್ ತಗೋಬೇಕು, ಆಗ ಎಲ್ಲರಿಗೂ ತೋರಿಸ್ಬಹುದು ಅಂತ ಹೇಳ್ತಾನೇ ಇದ್ರು.' ಮೊದಲೇ ಯಾಕೆ ಹೇಳಲಿಲ್ಲ ಅಂದೆ. 'ನೀ ಕೇಳ್ಲಿಲ್ವಲ್ಲ' ಅಂದರು.

ವಿಆರ್ ಹೆಡ್‌ಸೆಟ್‌ಗೆ ಹಾಕಿದರೆ ಐದು ನಿಮಿಷದ ಕೆಲಸ ಅಂದ ಆಫೀಸಿನ ಗೆಳೆಯ. ನಿಜವೇ. ಆದರೆ 74 ವರ್ಷದ ಅತ್ತೆಯ ಮುಖಕ್ಕೆ ಅದನ್ನು ಕಟ್ಟಿ, ಒಬ್ಬರಾದ ಮೇಲೆ ಒಬ್ಬರು ಅಂತ ಕ್ಯೂ ನಿಲ್ಲಿಸೋದು ನನಗೆ ಸರಿ ಕಾಣಲಿಲ್ಲ. ಮಾವ ಹೇಳಿದ್ದು ಎಲ್ಲರಿಗೂ ತೋರಿಸ್ಬಹುದು ಅಂತ. ಆ ಎರಡನೇ ಪ್ರೊಜೆಕ್ಟರನ್ನು ನಾನೇ ತಂದುಬಿಡೋಣ ಅನಿಸಿತು.

ಐಡಿಯಾ ಬಹಳ ಸರಳ. ಒಂದು ಪ್ರೊಜೆಕ್ಟರ್ ಎಡ ಚಿತ್ರ ಬಿಡಬೇಕು, ಇನ್ನೊಂದು ಬಲ ಚಿತ್ರ. ಎರಡೂ ಒಂದೇ ಪರದೆಯ ಮೇಲೆ, ಒಂದರ ಮೇಲೊಂದು. ಎಡಗಣ್ಣಿಗೆ ಎಡದ್ದು ಮಾತ್ರ, ಬಲಗಣ್ಣಿಗೆ ಬಲದ್ದು ಮಾತ್ರ ತಲುಪಬೇಕು. ಅದಕ್ಕೆ ಪೋಲರೈಸರ್ ಹಾಳೆ. ಬೆಳಕಿನ ಅಲೆ ಎಲ್ಲ ದಿಕ್ಕಿಗೂ ಕುಣಿಯುತ್ತಿರುತ್ತೆ, ಈ ಹಾಳೆ ಒಂದೇ ದಿಕ್ಕಿನ ಕುಣಿತವನ್ನು ಒಳಗೆ ಬಿಡುತ್ತೆ. ಕಿಟಕಿ ಸರಳಿನ ಸಂದಿಯಲ್ಲಿ ಉದ್ದ ಕೋಲು ತೂರಿಸಿದ ಹಾಗೆ, ಸರಳಿನ ದಿಕ್ಕಿಗೆ ಹಿಡಿದರೆ ಹೋಗುತ್ತೆ, ಅಡ್ಡ ಹಿಡಿದರೆ ಇಲ್ಲ. ಒಂದು ಲೆನ್ಸಿನ ಮುಂದೆ ಹಾಳೆಯನ್ನು 45 ಡಿಗ್ರಿ ಈ ಕಡೆ, ಇನ್ನೊಂದರ ಮುಂದೆ 45 ಡಿಗ್ರಿ ಆ ಕಡೆ ಓರೆಯಾಗಿಸಬೇಕು. ಕನ್ನಡಕದ ಎರಡು ಗಾಜಿಗೂ ಹಾಗೇ. ಹಾಳೆಯನ್ನು ಲೆನ್ಸಿನ ಹೊರಗೆ ಇಡಬೇಕು, ದೀಪದ ಹತ್ತಿರ ಅಲ್ಲ. 150 ವ್ಯಾಟಿನ ಹ್ಯಾಲೊಜೆನ್ ಪಕ್ಕ ಇಟ್ಟರೆ ಹಪ್ಪಳ ಸುಟ್ಟ ಹಾಗೆ ಸುರುಟಿಹೋಗುತ್ತೆ.

ಎರಡನೇ ಪ್ರೊಜೆಕ್ಟರ್ ಹುಡುಕುವುದೇ ದೊಡ್ಡ ಕಥೆ. ಕೊಡಾಕ್ ಕಂಪನಿಯೇ 2004ರಲ್ಲಿ ಸ್ಲೈಡ್ ಪ್ರೊಜೆಕ್ಟರ್ ತಯಾರಿಸೋದು ನಿಲ್ಲಿಸಿತು, ಹೊಸದು ಸಿಗುವ ಮಾತೇ ಇಲ್ಲ. ಮಾವನದ್ದು 85 ಮಿ.ಮೀ. ಲೆನ್ಸಿನ ಪ್ರೊಜೆಕ್ಟರ್, ಎರಡನೆಯದಕ್ಕೂ ಅದೇ ಲೆನ್ಸ್ ಬೇಕು. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಐದು ಭಾನುವಾರ ಅಲೆದೆ. ಆರನೇ ವಾರ, ಮುರಿದ ಮಿಕ್ಸಿ ಮತ್ತು ಹಿತ್ತಾಳೆ ನಲ್ಲಿಗಳ ಮಧ್ಯೆ ಒಂದು ಕೂತಿತ್ತು. ದೀಪ ಇಲ್ಲ, ಫ್ಯಾನ್ ತಿರುಗುತ್ತೆ. 1,800 ರೂಪಾಯಿ. ಚೌಕಾಸಿ ಮಾಡುವ ಧೈರ್ಯ ಬರಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟೆ, ತಪ್ಪು. ಪಕ್ಕದಲ್ಲಿಟ್ಟರೆ ಎರಡನ್ನೂ ಒಳಕ್ಕೆ ಓರೆ ಮಾಡಬೇಕು, ಒಂದು ಚಿತ್ರದ ಎಡಬದಿ ಎತ್ತರ, ಇನ್ನೊಂದರ ಬಲಬದಿ ಎತ್ತರ ಆಗಿ ಮೂಲೆಗಳು ಕೂಡುವುದೇ ಇಲ್ಲ. ಕೊನೆಗೆ ಸ್ಲಾಟೆಡ್ ಆ್ಯಂಗಲ್ಲಿನ ಎರಡು ಅಂತಸ್ತಿನ ಸ್ಟ್ಯಾಂಡ್ ಮಾಡಿಸಿ ಒಂದರ ಮೇಲೆ ಒಂದು, ಆದಷ್ಟೂ ಹತ್ತಿರ ಕೂರಿಸಿದೆ. ಅಲ್ಲೂ ಸ್ವಲ್ಪ ಓರೆ ಬೇಕು, ಆದರೆ ತೊಂದರೆ ಕಮ್ಮಿ. ಮೇಲಿನದರ ಕೆಳಗೆ ಪ್ಲೈವುಡ್ ತುಂಡು, ಅದಕ್ಕೆ ಮೂರು ಬೋಲ್ಟು. ಬೋಲ್ಟ್ ತಿರುಗಿಸಿದರೆ ಚಿತ್ರ ಒಂದು ಕೂದಲೆಳೆ ಏರುತ್ತೆ, ಇಳಿಯುತ್ತೆ. ಇಡೀ ಯಂತ್ರದಲ್ಲಿ ಬುದ್ಧಿವಂತಿಕೆ ಅಂತ ಇರೋದು ಆ ಮೂರು ಬೋಲ್ಟಿನಲ್ಲೇ.

ಆಮೇಲೆ ಕಂಡಿತು, ಎರಡು ಚಿತ್ರದ ಗಾತ್ರವೇ ಬೇರೆ. ಲೆನ್ಸ್ ಮೇಲೆ 85 ಅಂತಲೇ ಇದ್ದರೂ ಅದರಲ್ಲಿ ಶೇಕಡಾ ಒಂದೆರಡು ಹೆಚ್ಚುಕಮ್ಮಿ ಇರುತ್ತೆ. ನಾಲ್ಕಡಿ ಅಗಲದ ಚಿತ್ರದಲ್ಲಿ ಅದು ಒಂದಿಂಚು. ಚಿಕ್ಕದಾಗಿದ್ದ ಪ್ರೊಜೆಕ್ಟರನ್ನು ಆರು ಸೆಂಟಿಮೀಟರ್ ಹಿಂದಕ್ಕೆ ಎಳೆದೆ, ಸರಿಹೋಯಿತು. ಇಂಥ ಪರಿಹಾರ ಸಿಕ್ಕಾಗ ಆಗುವ ಖುಷಿಗೆ ಅಪ್ರೈಸಲ್ ಸಾಟಿಯಿಲ್ಲ.

ಆದರೂ ತ್ರೀಡಿ ಬರಲಿಲ್ಲ. ಮೂರು ವಾರ. ಎಲ್ಲ ಸರಿಯಿದೆ, ಕನ್ನಡಕ ಹಾಕಿದರೆ ಎರಡು ಕಣ್ಣಿಗೂ ಎರಡೂ ಚಿತ್ರ ಕಾಣುತ್ತಿದೆ, ಕುಡಿದು ನೋಡಿದ ಹಾಗೆ. ನಾನು ವೃತ್ತಿಯಲ್ಲಿ ಟೆಸ್ಟರ್. ಎರಡು ಬಗ್ ಒಟ್ಟಿಗೆ ಇದ್ದರೆ, ಒಂದನ್ನು ಸರಿ ಮಾಡಿದಾಗಲೂ ಏನೂ ಬದಲಾಗಲ್ಲ ಅನ್ನೋದು ನನಗೆ ಗೊತ್ತಿರಬೇಕಿತ್ತು.

ಮೊದಲ ಬಗ್ ಗೋಡೆ. ಬಿಳಿ ಗೋಡೆ, ಬಿಳಿ ಬೆಡ್‌ಶೀಟು ಎರಡೂ ಬೆಳಕನ್ನು ಚೆದುರಿಸುವಾಗ ಪೋಲರೈಸರ್ ಕಷ್ಟಪಟ್ಟು ಜೋಡಿಸಿದ ದಿಕ್ಕನ್ನೂ ಕಲಸಿಹಾಕುತ್ತವೆ. ಲೋಹದ ಮೇಲ್ಮೈ ಹಾಗೆ ಮಾಡಲ್ಲ. ತ್ರೀಡಿ ಸಿನಿಮಾಗೆ ಬೆಳ್ಳಿಪರದೆ ಅನ್ನುವುದು ಬರೀ ಅಲಂಕಾರದ ಮಾತಲ್ಲ, ನಿಜವಾಗಿಯೂ ಬೆಳ್ಳಿಬಣ್ಣದ ಪರದೆ ಬೇಕು. ನಾನು ನಾಲ್ಕಡಿಗೆ ಮೂರಡಿ ಪ್ಲೈವುಡ್ ತಂದು, ಗೇಟಿಗೆ ಬಳಿಯುವ ಅಲ್ಯೂಮಿನಿಯಂ ಪೇಂಟ್ ಹೊಡೆದೆ. ಬ್ರಷ್ಷಿನಲ್ಲಿ ಹೊಡೆದರೆ ಗೆರೆ ಗೆರೆ ಕಾಣುತ್ತೆ. ಮರಳುಕಾಗದದಲ್ಲಿ ಉಜ್ಜಿ, ರೋಲರಿನಲ್ಲಿ ಮತ್ತೆ ಎರಡು ಕೋಟು. ಮನೆಯಾಕೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ಪೇಂಟ್ ವಾಸನೆಗೆ.

ಎರಡನೇ ಬಗ್ ಕನ್ನಡಕ. ಗೆಳೆಯನೊಬ್ಬ ಯಾವ್ಯಾವುದೋ ಸಿನಿಮಾದಿಂದ ವಾಪಸ್ ಕೊಡದೆ ಜೇಬಿಗಿಳಿಸಿದ್ದ ಆರು ತ್ರೀಡಿ ಕನ್ನಡಕ ಕೊಟ್ಟಿದ್ದ. ಇವತ್ತಿನ ಬಹಳಷ್ಟು ಥಿಯೇಟರಿನ ಕನ್ನಡಕಗಳು ವೃತ್ತಾಕಾರದ ಪೋಲರೈಸೇಷನ್ನಿನವು, ಅಂದರೆ ಅಲ್ಲಿ ಬೆಳಕು ಸ್ಕ್ರೂ ಥರ ತಿರುಗುತ್ತಾ ಬರುತ್ತೆ, ಒಂದು ಕಣ್ಣಿಗೆ ಬಲಸುತ್ತು, ಇನ್ನೊಂದಕ್ಕೆ ಎಡಸುತ್ತು. ನನ್ನ ಪ್ರೊಜೆಕ್ಟರಿನದು ನೇರ ಗೆರೆಯ ಕುಣಿತ. ಆ ಕನ್ನಡಕಕ್ಕೆ ಅದು ಅರ್ಧ ಬಲಸುತ್ತು, ಅರ್ಧ ಎಡಸುತ್ತು ಸೇರಿದ ಮಿಶ್ರಣ. ಹಾಗಾಗಿ ಎರಡು ಗಾಜಿನಲ್ಲೂ ಅರ್ಧರ್ಧ ನುಗ್ಗುತ್ತೆ. ತಲೆ ಎಷ್ಟು ವಾಲಿಸಿದರೂ ಅಷ್ಟೇ. ಕೊನೆಗೆ ಉಳಿದ ಪೋಲರೈಸರ್ ಹಾಳೆ ಕತ್ತರಿಸಿ, ಡ್ರಾಯರಿನಲ್ಲಿದ್ದ ಮದುವೆ ಕಾಗದಗಳ ದಪ್ಪ ರಟ್ಟಿನಲ್ಲಿ ಎಂಟು ಕನ್ನಡಕ ಮಾಡಿದೆ. ಒಂದರ ಮೂಗಿನ ಮೇಲೆ ಗಣಪತಿ ಇದ್ದಾನೆ.

ನೀವೂ ಮಾಡುವುದಾದರೆ ಒಂದು ಕಿವಿಮಾತು: ಕೋನಮಾಪಕ ಹಿಡಿದು ಒದ್ದಾಡಬೇಡಿ. ಕನ್ನಡಕ ಹಾಕಿ, ಎಡಗಣ್ಣು ಮುಚ್ಚಿ, ಎಡ ಪ್ರೊಜೆಕ್ಟರನ್ನು ಮಾತ್ರ ಹೊತ್ತಿಸಿ, ಅದರ ಮುಂದಿನ ಹಾಳೆಯನ್ನು ಚಿತ್ರ ಪೂರ್ತಿ ಕತ್ತಲಾಗುವ ತನಕ ತಿರುಗಿಸಿ. ಅಲ್ಲೇ ಟೇಪ್ ಅಂಟಿಸಿ. ಇನ್ನೊಂದಕ್ಕೂ ಹಾಗೇ.

ಇಷ್ಟಾದ ಮೇಲೆ ಚಿತ್ರಗಳನ್ನು ಕೂಡಿಸುವುದು. ಮೇಲೆ-ಕೆಳಗೆ ಒಂಚೂರು ತಪ್ಪಿದರೂ ಹತ್ತು ನಿಮಿಷಕ್ಕೆ ತಲೆನೋವು, ಯಾಕಂದರೆ ಒಂದು ಕಣ್ಣು ಮೇಲೆ ಒಂದು ಕಣ್ಣು ಕೆಳಗೆ ನೋಡುವ ಅಭ್ಯಾಸ ಯಾರಿಗೂ ಇಲ್ಲ. ಅಡ್ಡಡ್ಡ ಸರಿಸುವುದಕ್ಕೆ ಬೇರೆ ಲೆಕ್ಕ. ಚಿತ್ರದಲ್ಲಿ ತೀರಾ ಹತ್ತಿರ ಇರುವ ವಸ್ತುವನ್ನು ಪರದೆಯ ಮೇಲೆ ಒಂದಕ್ಕೊಂದು ಸೇರಿಸಿ. ಉಳಿದದ್ದೆಲ್ಲ ತಾನಾಗಿ ಪರದೆಯ ಹಿಂದಕ್ಕೆ ಹೋಗುತ್ತೆ, ಕಿಟಕಿಯಿಂದ ಆಚೆ ನೋಡಿದ ಹಾಗೆ. ದೂರದ ಗುಡ್ಡದ ಎರಡು ಚಿತ್ರದ ನಡುವಿನ ಅಂತರ ಮಾತ್ರ ಆರೂವರೆ ಸೆಂಟಿಮೀಟರ್ ದಾಟಬಾರದು. ದಾಟಿದರೆ ಕಣ್ಣುಗಳು ಹೊರಮುಖವಾಗಿ ತಿರುಗಬೇಕು, ಅದು ಅವಕ್ಕೆ ಬರಲ್ಲ.

ಇಲ್ಲೇ ನನಗೆ ಮಾವನ ಮೇಲೆ ನಿಜವಾದ ಗೌರವ ಹುಟ್ಟಿದ್ದು. ಸ್ಟೀರಿಯೊ ಫೋಟೊಗ್ರಫಿಯಲ್ಲಿ ಮೂವತ್ತರಲ್ಲೊಂದು ಅಂತ ಒಂದು ನಿಯಮ ಇದೆ: ಹತ್ತಿರದ ವಸ್ತು ಎಷ್ಟು ದೂರದಲ್ಲಿದೆಯೋ ಅದರ ಮೂವತ್ತನೇ ಒಂದು ಭಾಗದಷ್ಟು ಕ್ಯಾಮೆರಾ ಸರಿಸಬೇಕು. ಮೂರು ಮೀಟರಿನಲ್ಲಿ ರಥದ ಚಕ್ರ ಇದ್ದರೆ ಹತ್ತು ಸೆಂಟಿಮೀಟರ್. ಈ ನಿಯಮದಂತೆ ಸಾಮಾನ್ಯ 50 ಮಿ.ಮೀ. ಲೆನ್ಸಿನಲ್ಲಿ ತೆಗೆದ ಚಿತ್ರವನ್ನು ನಾಲ್ಕಡಿ ಅಗಲಕ್ಕೆ ಬಿಟ್ಟರೆ, ದೂರದ ಅಂತರ ಆರು ಸೆಂಟಿಮೀಟರಿನ ಒಳಗೇ ಬರುತ್ತೆ. ನಾನು ಪರದೆಯ ಮೇಲೆ ಸ್ಕೇಲ್ ಇಟ್ಟು ಅಳೆದೆ. ಐದೂವರೆ, ಐದು ಮುಕ್ಕಾಲು, ಐದೂವರೆ. ಮಾವ ಟೇಪ್ ಹಿಡಿದು ಅಳೆದಿದ್ದನ್ನು ಅತ್ತೆ ನೋಡಿಲ್ಲ. ಬರೀ ಕಾಲಿನ ಅಂದಾಜು.

ಜನವರಿಯಲ್ಲಿ ಕಾರಿನ ಹಿಂದಿನ ಸೀಟು ಮಡಚಿ ಎಲ್ಲವನ್ನೂ ಸಾಗರಕ್ಕೆ ಸಾಗಿಸಿದೆ. ಪೋಲರೈಸರೇ ಅರ್ಧಕ್ಕಿಂತ ಹೆಚ್ಚು ಬೆಳಕು ತಿನ್ನುತ್ತೆ, ಹಾಗಾಗಿ ಗಟ್ಟಿ ಕತ್ತಲು ಬೇಕು. ಊಟ ಮುಗಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಅತ್ತೆ, ಪಕ್ಕದ ಮನೆಯವರು, ನಾವು, ಎಂಟು ಕನ್ನಡಕಕ್ಕೆ ಹತ್ತು ಜನ. ಮೊದಲ ಸ್ಲೈಡನ್ನೇ ನಾನು ಎಡ ಬಲ ಅದಲು ಬದಲು ಹಾಕಿದ್ದೆ. ರಥ ಗುಡ್ಡದಲ್ಲಿ ಕೊರೆದ ತೂತಿನ ಹಾಗೆ ಕಂಡಿತು, ಗುಡ್ಡ ಮುಂದೆ, ರಥ ಹಿಂದೆ. ಬದಲಾಯಿಸಿ ಹಾಕಿದೆ.

ಯಾರೂ ಏನೂ ಹೇಳಲಿಲ್ಲ ಸ್ವಲ್ಪ ಹೊತ್ತು. ಪಕ್ಕದ ಮನೆ ಹುಡುಗ ಎದ್ದುಹೋಗಿ ಪರದೆಯ ಹಿಂದೆ ಇಣುಕಿದ.

ಬಣ್ಣ ಕೆಂಪಗಾಗಿದೆ, ಬೂಸ್ಟಿನ ಜೇಡರಬಲೆ ಕೆಲವು ಕಡೆ ಗಾಳಿಯಲ್ಲಿ ತೇಲುತ್ತೆ, ಯಾಕಂದರೆ ಅದು ಒಂದೇ ಕಣ್ಣಿನ ಸ್ಲೈಡಿನಲ್ಲಿದೆ. ಹಿತ್ತಿಲಿನ ಅಡಿಕೆ ಮರಗಳ ನಡುವೆ ಅತ್ತೆ ನಿಂತಿರುವ ಚಿತ್ರದಲ್ಲಿ ಮರಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತವು. ಅತ್ತೆಯ ಮುಖ ಮಾತ್ರ ಮಿಣಮಿಣ ಮಿನುಗುತ್ತಿತ್ತು. ಎರಡು ಕ್ಲಿಕ್ಕಿನ ನಡುವೆ ಅವರು ನಕ್ಕುಬಿಟ್ಟಿದ್ದಾರೆ, ಎಡಗಣ್ಣಿನಲ್ಲಿ ಗಂಭೀರ, ಬಲಗಣ್ಣಿನಲ್ಲಿ ನಗು. ಎರಡನ್ನೂ ಕೂಡಿಸಲು ಮಿದುಳಿಗೆ ಆಗಲ್ಲ. 'ಇದಕ್ಕೇ ಬೈದಿದ್ರು ಆವತ್ತು' ಅಂದರು ಅತ್ತೆ. ಇನ್ನೊಂದು ಸಲ ಹಾಕಿಸಿಕೊಂಡರು.

ಆಮೇಲೆ ಕೇಳಿದರು, 'ಜೋಗದ್ದು ಹಾಕು. ಅದಕ್ಕೆ ಭಾರೀ ಒದ್ದಾಡಿದ್ರು. ಒಂದು ತೆಗೆದು, ಕ್ಯಾಮೆರಾ ಹಿಡ್ಕೊಂಡು ಹತ್ತು ಹನ್ನೆರಡು ಹೆಜ್ಜೆ ಪಕ್ಕಕ್ಕೆ ಓಡಿಹೋಗಿ ಇನ್ನೊಂದು ತೆಗೆದ್ರು. ನಾನು ನಗಾಡಿದ್ದೆ.'

ಹತ್ತು ಹನ್ನೆರಡು ಹೆಜ್ಜೆ. ಮುನ್ನೂರು ಮೀಟರ್ ದೂರದ ಬಂಡೆಗೆ ಮೂವತ್ತರಲ್ಲೊಂದು ಅಂದರೆ ಹತ್ತು ಮೀಟರ್. ಲೆಕ್ಕಕ್ಕೆ ಹತ್ತಿರವೇ ಇದೆ. ಅಷ್ಟು ಅಗಲಕ್ಕೆ ಕಣ್ಣು ಚಾಚಿ ನೋಡಿದರೆ 253 ಮೀಟರಿನ ಜೋಗ ಅಂಗೈಯಲ್ಲಿ ಹಿಡಿಯುವ ಆಟಿಕೆಯಂತೆ, ಆದರೆ ಪ್ರತಿ ಬಂಡೆಯೂ ಬೇರೆ ಬೇರೆಯಾಗಿ ಕಾಣಬೇಕು. ನೀರು ಎರಡು ಸಲಕ್ಕೂ ಒಂದೇ ಥರ ಬೀಳಲ್ಲವಾದ್ದರಿಂದ ಅದು ಮಿನುಗಬೇಕು.

ಜೋಗ ಇದ್ದದ್ದು ಮೂರನೇ ಡಬ್ಬದಲ್ಲಿ. ನನ್ನ ಹತ್ತಿರ 'ಎ' ಮಾತ್ರ ಇದೆ. ನಡೆದಿದ್ದನ್ನು ಹೇಳಿದೆ. ಎ ಗ್ರೇಡಿನ ಕಥೆಯನ್ನೂ ಹೇಳಿದೆ. ಹೇಳುವಾಗ ಕತ್ತಲಿದ್ದದ್ದು ಒಳ್ಳೆಯದಾಯಿತು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದ್ದದ್ದನ್ನೇ ಹಾಕು ಮತ್ತೆ' ಅಂದರು.

ಕೆಳಗಿನ ಪ್ರೊಜೆಕ್ಟರ್ ಆರಿಸಿದೆ. ಮೇಲಿನದರಲ್ಲಿ ಜೋಗ ಬಂತು, ಚಪ್ಪಟೆಯಾಗಿ, ಕ್ಯಾಲೆಂಡರಿನ ಚಿತ್ರದ ಹಾಗೆ. ಅತ್ತೆ ಗಣಪತಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತರು.